ಏಕಾದಶಿಯ ತಲೆನೋವು

ನಮ್ಮ ಮನೆಯಲ್ಲಿ ಏಕಾದಶಿಯ ದಿನ ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ತಲೆನೋವು ಬರುತ್ತಿತ್ತು. ಅತ್ತೆ ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಒಳಕೋಣೆಯಲ್ಲಿ ಮಲಗುತ್ತಿದ್ದರು. ಮಾವ ಬದುಕಿದ್ದಷ್ಟು ದಿನ ಚಾವಡಿಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು. ನನ್ನ ಗಂಡ ಸಿಕ್ಕಿದವರ ಮೇಲೆ ರೇಗುತ್ತಿದ್ದರು. ಅನ್ನವಿಲ್ಲ, ಕಾಫಿಯಿಲ್ಲ, ಹಿರಿಯರಿಗೆ ನೀರೂ ಇಲ್ಲ. ಮಕ್ಕಳಿಗೆ ಮಾತ್ರ ವಿನಾಯಿತಿ. ತಲೆ ನೋಯದೆ ಇನ್ನೇನಾದೀತು? ಆದರೆ ಹಾಗೆ ಯೋಚಿಸಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ತಲೆನೋವು ಕೂಡ ಉಪವಾಸದ ಒಂದು ಅಂಗ, ಅದು ಬಂದರೇ ಉಪವಾಸ ಸರಿಯಾಯಿತೆಂದು ಅರ್ಥ ಎಂಬಂತೆ ನಡೆದುಕೊಳ್ಳುತ್ತಿದ್ದರು. ದ್ವಾದಶಿಯ ಬೆಳಿಗ್ಗೆ ಬೇಗ ಊಟ ಮುಗಿಸಿ ಒಂದು ಲೋಟ ಕಾಫಿ ಹೊಟ್ಟೆಗೆ ಬಿದ್ದ ಕೂಡಲೇ ನೋವು ಇಳಿಯುತ್ತಿತ್ತು. ಇಳಿಸಿದ್ದು ದೇವರು ಎನ್ನುತ್ತಿದ್ದರು, ಕಾಫಿಯ ಲೋಟ ಕೈಯಲ್ಲಿ ಹಿಡಿದುಕೊಂಡೇ.

ಅವರದು ಬಂದು ಹೋಗುವ ತಲೆನೋವು. ನನ್ನದು ಮೈಗ್ರೇನ್. ಎಡಗಣ್ಣಿನ ಹಿಂದೆ ಶುರುವಾಗಿ ಅರ್ಧ ತಲೆಯನ್ನು ಹಿಡಿದುಕೊಂಡರೆ ಎರಡು ದಿನ ಬಿಡುತ್ತಿರಲಿಲ್ಲ. ಬೆಳಕು ಆಗದು, ಒಗ್ಗರಣೆಯ ವಾಸನೆ ಆಗದು, ಯಾರಾದರೂ ಚಮಚವನ್ನು ತಟ್ಟೆಗೆ ತಾಗಿಸಿದರೂ ಆಗದು. ಇಪ್ಪತ್ತು ವರ್ಷ ಈ ತಲೆಯನ್ನು ಹೊತ್ತುಕೊಂಡು ಉಡುಪಿಯಿಂದ ಕಾರ್ಕಳಕ್ಕೆ ದಿನವೂ ಬಸ್ಸಿನಲ್ಲಿ ಹೋಗಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸಿದೆ. ಈಗ ಅದು ಹತೋಟಿಯಲ್ಲಿದೆ. ಅಷ್ಟೇ ಆಗಿದ್ದರೆ ಬರೆಯುವ ಗೋಜಿಗೆ ಹೋಗುತ್ತಿರಲಿಲ್ಲ. ನನಗೆ ಹದಿನೇಳು ವರ್ಷದ ಮಗಳಿದ್ದಾಳೆ. ನನ್ನ ಕಾಯಿಲೆ ಅವಳಿಗೂ ಬಂದಿತ್ತು, ಒಂದೂವರೆ ವರ್ಷ ಅವಳು ಅದನ್ನು ನನಗೆ ಹೇಳಲಿಲ್ಲ. ಅವಳು ಯಾಕೆ ಹೇಳಲಿಲ್ಲ ಎಂಬುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮದ್ದು ಹೇಳುವವರ ಬಗ್ಗೆ ಹೇಳಬೇಕು. ಕಾಲು ಮುರಿದರೆ ಆಸ್ಪತ್ರೆಗೆ ಹೋಗು ಎನ್ನುವ ಜನ, ತಲೆನೋವು ಎಂದ ಕೂಡಲೇ ತಾವೇ ಡಾಕ್ಟರಾಗಿಬಿಡುತ್ತಾರೆ. ನಮ್ಮ ಸ್ಟಾಫ್ ರೂಮಿನ ಹಿಂದಿ ಟೀಚರ್ ಪ್ರಕಾರ ಅದು ಗ್ಯಾಸ್ಟ್ರಿಕ್. ಅವರಿಗೆ ಮಂಡಿನೋವು ಕೂಡ ಗ್ಯಾಸ್ಟ್ರಿಕ್ಕೇ. ಹೆಡ್ಮಾಸ್ಟರು ಕನ್ನಡಕ ಬದಲಿಸಿ ಎಂದರು. ಬದಲಿಸಿದೆ, ನೋವು ಇನ್ನಷ್ಟು ಸ್ಪಷ್ಟವಾಗಿ ಕಂಡಿತು. ಶಿರ್ವದಿಂದ ಬರುವ ಡ್ರಾಯಿಂಗ್ ಟೀಚರ್ ಲಿಂಬೆಯ ಹೋಳನ್ನು ಹಣೆಗೆ ಉಜ್ಜಲು ಹೇಳಿದರು. ಪಕ್ಕದ ಮನೆಯಾಕೆ ಪಿತ್ತ ನೆತ್ತಿಗೇರಿದೆ ಎಂದು ಒಂದು ಕಹಿ ಕಷಾಯ ತಂದುಕೊಟ್ಟು, ಕುಡಿಯುವವರೆಗೆ ಎದುರಿನಲ್ಲೇ ನಿಂತರು. ಕುಡಿದದ್ದನ್ನೂ ಅವರ ಎದುರಿನಲ್ಲೇ ವಾಂತಿ ಮಾಡಿದೆ. ಪಿತ್ತ ಹೊರಗೆ ಬಂತು ಎಂದು ಖುಷಿಪಟ್ಟರು.

ಅತ್ತೆಯ ತಂಗಿ ಒಮ್ಮೆ ಎಲ್ಲೂರಿನಿಂದ ಬಂದು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ಮೆಣಸು ಸುಟ್ಟರೂ ಘಾಟು ಬಾರದಿದ್ದರೆ ದೃಷ್ಟಿ ತಾಗಿತ್ತು ಎಂದು ಲೆಕ್ಕ. "ನೋಡು ಮಾರಾಯ್ತಿ, ಸ್ವಲ್ಪ ಕೂಡ ಘಾಟಿಲ್ಲ," ಎಂದರು. ಆ ಮಾತನ್ನು ಮುಗಿಸಲು ಅವರು ಮೂರು ಸಲ ಕೆಮ್ಮಬೇಕಾಯಿತು. ಅಷ್ಟು ಹೊತ್ತಿಗೆ ನಾನು ಬಚ್ಚಲಿನಲ್ಲಿದ್ದೆ.

ಎಲ್ಲರಿಗಿಂತ ದೊಡ್ಡ ಪಂಡಿತರು ನನ್ನ ಗಂಡನ ಚಿಕ್ಕಪ್ಪ. ಮುಂಬಯಿಯಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿ ಈಗ ಕಾಪುವಿನಲ್ಲಿ ಸಮುದ್ರದ ಹತ್ತಿರ ಮನೆ ಕಟ್ಟಿಕೊಂಡಿದ್ದಾರೆ. ಇಡ್ಲಿ ಹಿಟ್ಟಿನ ಬಗ್ಗೆ ಅವರು ಮಾತಾಡಿದರೆ ನಾನು ಕೇಳಿಯೇನು. ಆದರೆ ಅವರು ಮಾತಾಡುವುದು ಮನುಷ್ಯನ ನರಗಳ ಬಗ್ಗೆ. ಒಮ್ಮೆ ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಗುಳ್ಳದ ಹುಳಿ ಇತ್ತು. ಮಟ್ಟುವಿನ ಗುಳ್ಳವೇ ನನ್ನ ತಲೆನೋವಿಗೆ ಕಾರಣ, ಬದನೆ ಜಾತಿಯದೆಲ್ಲ ನಂಜು ಎಂದು ತೀರ್ಪು ಕೊಟ್ಟರು. ಕೊಟ್ಟು, ತಮ್ಮ ಎಲೆಗೆ ಎರಡನೇ ಸಲ ಬಡಿಸಿಕೊಂಡರು. ಮಟ್ಟುವಿನಲ್ಲಿ ನನ್ನ ತವರು. ಅಣ್ಣ ತಾನೇ ಬೆಳೆದು ಕಳಿಸಿದ ಗುಳ್ಳವನ್ನು ಆ ವರ್ಷ ನಾನು ಮುಟ್ಟಲಿಲ್ಲ. ತಲೆನೋವು ಮಾತ್ರ ತಪ್ಪದೆ ಬಂತು.

ಅವರನ್ನು ನೋಡಿ ನಗುವ ಮೊದಲು ನನ್ನನ್ನೇ ನೋಡಿ ನಗಬೇಕು. ಚಿಕ್ಕಪ್ಪ ಇನ್ನೊಂದು ಉಪಾಯ ಹೇಳಿದರು. "ಪೇಟೆಯ ಡಾಕ್ಟರು ಹೇಳುದು ಎಂತ, ಒಂದೊಂದೇ ಆಹಾರ ಬಿಟ್ಟು ನೋಡು ಅಂತ ಅಲ್ವಾ? ಅದು ನಮ್ಮ ಚಾತುರ್ಮಾಸ್ಯದಲ್ಲಿ ಮೊದಲೇ ಉಂಟು," ಎಂದರು. ನಮ್ಮಲ್ಲಿ ವ್ರತ ಹಿಡಿಯುವವರು ಆ ನಾಲ್ಕು ತಿಂಗಳಲ್ಲಿ ಒಂದು ತಿಂಗಳು ತರಕಾರಿ ತಿನ್ನುವುದಿಲ್ಲ, ಆಮೇಲಿನ ತಿಂಗಳು ಮೊಸರು, ಅದರ ಆಮೇಲೆ ಹಾಲು, ಕೊನೆಗೆ ಬೇಳೆಕಾಳು ಬಿಡುತ್ತಾರೆ. ಯಾವ ತಿಂಗಳಲ್ಲಿ ತಲೆನೋವು ಬರುವುದಿಲ್ಲವೋ ಆ ತಿಂಗಳು ಬಿಟ್ಟದ್ದೇ ಅಪರಾಧಿ. ನನಗೆ ಈ ವಾದ ಹಿಡಿಸಿತು. ಗಣಿತದ ವಾಸನೆ ಇದ್ದದ್ದೇ ನನ್ನನ್ನು ಹಾಳು ಮಾಡಿತು ಎಂದು ಕಾಣುತ್ತದೆ.

ತರಕಾರಿ ಬಿಟ್ಟ ತಿಂಗಳು ಆರು ಸಲ ಮಲಗಿದೆ. ಮೊಸರು ಬಿಟ್ಟ ತಿಂಗಳು ಒಂದು ಸಲವೂ ಇಲ್ಲ. ಹಾಲು ಬಿಟ್ಟ ತಿಂಗಳು, ಹಾಲಿಲ್ಲದ ಕಾಫಿ ಸೇರದೆ ಕಾಫಿಯನ್ನೇ ಬಿಟ್ಟದ್ದರಿಂದ, ಮೊದಲ ವಾರ ಸತ್ತೇ ಹೋಗುತ್ತೇನೆ ಎನಿಸಿತು. ಬೇಳೆಕಾಳು ಬಿಟ್ಟ ತಿಂಗಳು ಮತ್ತೆ ಐದು ಸಲ. ಮೊಸರೇ ಕಳ್ಳ ಎಂದು ಸಾಬೀತಾಯಿತು. ಮುಂದಿನ ನಾಲ್ಕು ವರ್ಷ ನಾನು ಮೊಸರು ಮಜ್ಜಿಗೆ ಮುಟ್ಟಲಿಲ್ಲ. ಊಟದ ಕೊನೆಗೆ ಎಲ್ಲರೂ ಮಜ್ಜಿಗೆ ಸುರಿದುಕೊಳ್ಳುವಾಗ ನಾನು ಒಣ ಅನ್ನದ ಮುಂದೆ ಹುತಾತ್ಮಳಂತೆ ಕೂತಿರುತ್ತಿದ್ದೆ. ತಲೆನೋವು ಹಿಂದಿನಂತೆಯೇ ಬರುತ್ತಿತ್ತು. ಯಾರ ಮನೆಯಲ್ಲೋ ಗೊತ್ತಿಲ್ಲದೆ ಮೊಸರು ಬಿದ್ದಿರಬೇಕು ಎಂದುಕೊಳ್ಳುತ್ತಿದ್ದೆ.

ಆ ಮೊಸರಿಲ್ಲದ ತಿಂಗಳು ನಾನು ಬಸ್ಸಿನಿಂದ ಇಳಿಯುವಾಗ ಕಾಲು ಉಳುಕಿ, ಪಟ್ಟಿ ಕಟ್ಟಿಸಿಕೊಂಡು ಮನೆಯಲ್ಲಿದ್ದೆ. ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನ್ ಇರಲಿಲ್ಲ, ಕಿಟಕಿಯಿಂದ ಮರಗಳ ನಡುವೆ ಬಿಸಿಲು ಕಣ್ಣಿಗೆ ಹೊಡೆಯುತ್ತಿರಲಿಲ್ಲ, ಬೆಳಿಗ್ಗೆ ಆರೂವರೆಯವರೆಗೆ ನಿದ್ದೆ ಮಾಡುತ್ತಿದ್ದೆ. ಕಾಲುನೋವಿನಲ್ಲಿ ಉಪವಾಸ ಬೇಡವೆಂದು ಏಕಾದಶಿಯ ದಿನ ಅತ್ತೆಯೇ ನನಗೆ ಅವಲಕ್ಕಿ, ಹಣ್ಣು, ಕಾಫಿ ತಂದುಕೊಟ್ಟಿದ್ದರು. ಒಂದು ಲೆಕ್ಕದಲ್ಲಿ ನಾಲ್ಕು ಚರಾಕ್ಷರಗಳಿರುವಾಗ ಒಂದನ್ನೇ ಹಿಡಿದು ಉತ್ತರ ಬರೆಯಬೇಡಿ ಎಂದು ಮಕ್ಕಳಿಗೆ ಬೈಯುವವಳು ನಾನು. ನಾಲ್ಕು ವರ್ಷ ಬಡ ಮೊಸರಿಗೆ ಶಿಕ್ಷೆ ಕೊಟ್ಟೆ.

ನಡುವೆ ಮಾತ್ರೆಗಳು. ಕಾರ್ಕಳದ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಮೆಡಿಕಲ್‌ನವರು ನಾನು ಮೆಟ್ಟಿಲು ಹತ್ತುವ ಮೊದಲೇ ಸ್ಟ್ರಿಪ್ ತೆಗೆದಿಡುತ್ತಿದ್ದರು. ಮೊದಮೊದಲು ನೋವು ಬಂದಾಗ ನುಂಗುತ್ತಿದ್ದೆ. ಆಮೇಲೆ ನೋವು ಬರಬಹುದು ಎಂದು ನುಂಗಿದೆ. ಕೊನೆಗೆ ದಿನಾ ಬೆಳಿಗ್ಗೆ ಬಸ್ಸು ಹತ್ತುವ ಮೊದಲು ಒಂದು, ಮಧ್ಯಾಹ್ನ ಒಂದು. ಚೀಲದಲ್ಲಿ ಮಾತ್ರೆ ಇದೆಯೇ ಎಂದು ನೋಡದೆ ಮನೆಯಿಂದ ಹೊರಡುತ್ತಿರಲಿಲ್ಲ.

ಎರಡೂವರೆ ವರ್ಷದ ಹಿಂದೆ ಒಂದು ದಿನ ಪಾಠ ಮಾಡುತ್ತಿದ್ದಾಗ ಬೋರ್ಡಿನ ಎಡಭಾಗ ಕಾಣದೆ ಹೋಯಿತು. ನಾನೇ ಬರೆದ ಸಮೀಕರಣದ ಅರ್ಧ, ಗರಗಸದ ಹಲ್ಲುಗಳಂತೆ ಮಿನುಗುವ ಗೆರೆಯ ಹಿಂದೆ ಮಾಯವಾಯಿತು. ಹೆದರಿಕೆಯಾಗಿ ಮಣಿಪಾಲಕ್ಕೆ ಹೋದೆ. ನರರೋಗದ ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನವರು. ಇವಳಿಗೇನು ಗೊತ್ತು ಎಂಬ ಮುಖ ಹೊತ್ತುಕೊಂಡೇ ಕೂತೆ. ಅವರು ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದರು. ಇಪ್ಪತ್ತು ವರ್ಷದಲ್ಲಿ ಪ್ರಶ್ನೆ ಕೇಳಿದ ಮೊದಲ ಮನುಷ್ಯರು ಅವರು. ಉಳಿದವರೆಲ್ಲ ಉತ್ತರ ಹಿಡಿದುಕೊಂಡೇ ಬಂದವರು.

"ಕಣ್ಣಿಗೆ ಹಾಗೆ ಆದದ್ದೂ ಮೈಗ್ರೇನೇ. ಮಾತ್ರೆ ಜಾಸ್ತಿಯಾದ್ರೆ ಮಾತ್ರೆಯೇ ತಲೆನೋವು ತರ್ತದೆ ಟೀಚರ್. ಅದನ್ನು ಮೊದಲು ನಿಲ್ಲಿಸ್ಬೇಕು," ಎಂದರು. ಒಂದು ಪುಸ್ತಕದಲ್ಲಿ ದಿನಾ ಬರೆಯಲು ಹೇಳಿದರು: ಎಷ್ಟು ಹೊತ್ತಿಗೆ ತಿಂದದ್ದು, ಎಷ್ಟು ಮಲಗಿದ್ದು, ಮುಟ್ಟು ಯಾವಾಗ, ಬಿಸಿಲು ಎಷ್ಟು, ನೋವು ಯಾವಾಗ. ಎರಡು ತಿಂಗಳು ಬರೆದುಕೊಂಡು ಹೋದೆ. ಅವರು ಪೆನ್ನಿನಿಂದ ನಾಲ್ಕು ಕಡೆ ಸುತ್ತು ಹಾಕಿದರು. ನಾಲ್ಕೂ ಏಕಾದಶಿ. ನಂಜಲ್ಲ, ಪಿತ್ತವಲ್ಲ, ಮೊಸರಲ್ಲ. ಹಸಿವು, ಬಾಯಾರಿಕೆ, ದಿನಾ ಕುಡಿಯುವ ಕಾಫಿ ಆ ದಿನ ತಪ್ಪುವುದು. ಇವು ನನ್ನಂಥ ತಲೆಗೆ ಸಾಕು. ಹೊತ್ತಿಗೆ ಸರಿಯಾಗಿ ಊಟ, ದಿನಕ್ಕೆ ಒಂದೇ ಕಾಫಿ ಅದೂ ಒಂದೇ ಹೊತ್ತಿಗೆ, ರಜೆಯ ದಿನವೂ ಅದೇ ಹೊತ್ತಿಗೆ ಏಳುವುದು, ಬಸ್ಸಿನಲ್ಲಿ ಕಪ್ಪು ಕನ್ನಡಕ, ರಾತ್ರಿ ಊಟದ ನಂತರ ಬಾರದಂತೆ ತಡೆಯುವ ಒಂದು ಮಾತ್ರೆ, ನೋವು ಶುರುವಾದ ಕೂಡಲೇ ಇನ್ನೊಂದು, ಅದು ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚಿಲ್ಲ. ಹಳೆಯ ಮಾತ್ರೆ ನಿಲ್ಲಿಸಿದ ಮೊದಲ ಮೂರು ವಾರ ನರಕ. ಆಮೇಲೆ ತಿಂಗಳಿಗೆ ಹತ್ತಿದ್ದದ್ದು ಎರಡಕ್ಕೆ ಬಂತು.

ಡಾಕ್ಟರು ಹೇಳಿದ್ದನ್ನು ಗಂಡನಿಗೆ ಎರಡು ಮಾತಿನಲ್ಲಿ ಹೇಳಿದೆ. ಅವರು "ಸರಿ" ಎಂದರು, ಅವರು ಎಲ್ಲದಕ್ಕೂ ಹಾಗೆಯೇ. ಅತ್ತೆಗೆ ಹೇಳಲಿಲ್ಲ. ಹೆದರಿಕೆಯಿಂದಲ್ಲ. ಮೆಣಸಿನ ಘಾಟಿನಲ್ಲಿ ಕಾಯಿಲೆ ಹುಡುಕುವ ಮನೆತನಕ್ಕೆ ವಿಜ್ಞಾನ ಹೇಳಿ ಆಗಬೇಕಾದದ್ದೇನು ಎಂದುಕೊಂಡೆ. ಮುಂದಿನ ಏಕಾದಶಿಯ ಬೆಳಿಗ್ಗೆ ಕಾವಲಿ ಇಟ್ಟು ದೋಸೆ ಹೊಯ್ದು, ಚಟ್ನಿ ಹಾಕಿಕೊಂಡು ತಿಂದೆ. ಅತ್ತೆ ಬಾಗಿಲಿನಲ್ಲಿ ನಿಂತು, "ಇವತ್ತು ಏಕಾದಶಿ ಅಲ್ವಾ?" ಎಂದರು.

"ಗೊತ್ತುಂಟು ಅತ್ತೆ," ಎಂದೆ. ಇನ್ನೊಂದು ದೋಸೆ ಹೊಯ್ದೆ. ಅವರು ಒಳಗೆ ಹೋದರು. ಆ ದಿನ ನಾನು ಗೆದ್ದೆ ಎಂದೇ ನನ್ನ ಭಾವನೆ.

ಗುಣವಾದ ಮೇಲೆ ನನ್ನ ನಾಲಿಗೆ ಇನ್ನೂ ಹರಿತವಾಯಿತು. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಚಿಕ್ಕಪ್ಪ ಶುಂಠಿಯ ಮಹಿಮೆ ಹಾಕಿದರೆ, ಅದರ ಕೆಳಗೆ ನಾನು ಒಂದು ವಾಕ್ಯ ಬರೆದು ಅವರ ಮಾನ ಕಳೆಯುತ್ತಿದ್ದೆ. ಊಟದ ಹೊತ್ತಿನಲ್ಲಿ ಅದನ್ನು ಓದಿ ಹೇಳಿ ನಗುತ್ತಿದ್ದೆ. ಮಗಳೂ ನಗುತ್ತಿದ್ದಳು. ನನ್ನ ಜೊತೆ ನಗುವವಳು ಅವಳೊಬ್ಬಳು ಎಂದು ನನಗೆ ಹೆಮ್ಮೆಯಿತ್ತು.

ಕಳೆದ ಫೆಬ್ರವರಿಯಲ್ಲಿ ಒಂದು ದಿನ ಹತ್ತನೇ ತರಗತಿಗೆ ಪಾಠ ಮಾಡುತ್ತಿದ್ದಾಗ ಮಗಳ ಕಾಲೇಜಿನಿಂದ ಫೋನು ಬಂತು. ಅವಳು ಮಣಿಪಾಲದಲ್ಲಿ ಎರಡನೇ ಪಿಯುಸಿ ಓದುತ್ತಿದ್ದಳು. ಫಿಸಿಕ್ಸ್ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಯ ಅರ್ಧ ಸಾಲುಗಳು ಕಾಣುವುದಿಲ್ಲ ಎಂದು ಎದ್ದು ನಿಂತಳಂತೆ, ಹೊರಗೆ ಬಂದು ವಾಂತಿ ಮಾಡಿದಳಂತೆ. ಕಾರ್ಕಳದಿಂದ ಮಣಿಪಾಲಕ್ಕೆ ಒಂದು ಗಂಟೆ. ಆ ಒಂದು ಗಂಟೆ ಅರ್ಧ ಕಾಣದ ಆ ಸಾಲುಗಳೇ ನನ್ನ ಕಣ್ಣ ಮುಂದೆ ಇದ್ದವು. ಅದು ಏನೆಂದು ನನಗೆ ಗೊತ್ತಿತ್ತು.

ಕಾಲೇಜಿನ ಒಂದು ಕೋಣೆಯಲ್ಲಿ, ಬೆಂಚಿನ ಮೇಲೆ, ದುಪ್ಪಟ್ಟಾವನ್ನು ಕಣ್ಣಿಗೆ ಸುತ್ತಿಕೊಂಡು ಮಲಗಿದ್ದಳು. ನಾನು ಅವಳ ತಲೆ ಮುಟ್ಟುವ ಮೊದಲು ಕೇಳಿದೆ: "ಮೊಬೈಲು ಎಷ್ಟು ಹೊತ್ತು ನೋಡಿದ್ದು? ಬೆಳಿಗ್ಗೆ ಎಂತ ತಿಂದದ್ದು?" ಇಪ್ಪತ್ತು ವರ್ಷ ಯಾರನ್ನು ಹೀನಾಯವಾಗಿ ಕಂಡೆನೋ ಅವರದೇ ದನಿ ನನ್ನ ಬಾಯಿಂದ ಬಂತು.

ಮಧ್ಯಾಹ್ನವೇ ನನ್ನ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ. ಅವರು ದೀಪ ಆರಿಸಿ, ಮೆಲ್ಲಗೆ ಕೇಳತೊಡಗಿದರು. ಇದು ಮೊದಲ ಸಲವೇ ಎಂದಾಗ ಮಗಳು ಅಲ್ಲ ಎಂದಳು. ಒಂದೂವರೆ ವರ್ಷವಾಯಿತು ಎಂದಳು. ತಿಂಗಳಿಗೆ ಎರಡು ಸಲ, ಕೆಲವೊಮ್ಮೆ ಮೂರು. ಬೆಳಿಗ್ಗೆ ತಿಂದಿದ್ದೀಯಾ ಎಂದು ಡಾಕ್ಟರು ಕೇಳಿದರು.

"ಇವತ್ತು ಏಕಾದಶಿ," ಎಂದಳು.

ಡಾಕ್ಟರು ನನ್ನ ಮುಖ ನೋಡಿದರು. ಬೆಳಿಗ್ಗೆ ಏಳಕ್ಕೆ ಬಸ್ಸು ಹತ್ತಿದರೆ ನಾನು ಮನೆಗೆ ಬರುವುದು ಸಂಜೆ ಐದೂವರೆಗೆ. ಅವಳ ಡಬ್ಬಿ ಖಾಲಿಯಾಗಿಯೇ ಬರುತ್ತಿತ್ತು. ಕೆಲವು ರಾತ್ರಿ ಕ್ಯಾಂಟೀನಿನಲ್ಲಿ ತಿಂದೆ, ಹಸಿವಿಲ್ಲ ಎನ್ನುತ್ತಿದ್ದಳು. ಆ ರಾತ್ರಿಗಳಿಗೆ ತಿಥಿ ಹಾಕಿ ನೋಡುವ ಬುದ್ಧಿ ನನಗೆ ಬರಲಿಲ್ಲ.

ಅವಳು ಹೇಳಿದ್ದು ಇಷ್ಟು. ನಾನು ಏಕಾದಶಿ ಬಿಟ್ಟ ಮೇಲೆ ಅಜ್ಜಿಗೆ ಹೆದರಿಕೆಯಾಗಿತ್ತು. ಇಷ್ಟು ವರ್ಷ ಮಾಡಿಕೊಂಡು ಬಂದದ್ದನ್ನು ಹೀಗೆ ಬಿಟ್ಟರೆ ಮೊದಲೇ ಕಾಯಿಲೆಯ ಹೆಂಗಸಿಗೆ ಏನಾದರೂ ಆದೀತು ಎಂದು. ಸೊಸೆಯ ಬದಲು ಮೊಮ್ಮಗಳು ಏಕಾದಶಿ ಹಿಡಿಯುತ್ತಾಳೆ, ಸೊಸೆಯ ತಲೆ ಕಾಯಿ ಎಂದು ದೇವರ ಎದುರು ಹೇಳಿಕೊಂಡಿದ್ದರು. ಮೊಮ್ಮಗಳು ಒಪ್ಪಿದ್ದಳು. ನನ್ನ ತಲೆನೋವು ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತ ಬಂದದ್ದನ್ನು ಇಬ್ಬರೂ ಕಣ್ಣಾರೆ ಕಂಡಿದ್ದರು.

"ನನಗೆ ಯಾಕೆ ಹೇಳ್ಲಿಲ್ಲ ಮಗಾ?" ಎಂದೆ.

"ಹೇಳಿದ್ರೆ ನೀನು ಅಜ್ಜಿಯನ್ನು ನಗಾಡ್ತಿ," ಎಂದಳು. "ಮತ್ತೆ ನನ್ನನ್ನೂ."

ಡಾಕ್ಟರು ಮಾತ್ರೆ ಕೊಟ್ಟು, ಈಗಲೇ ಏನಾದರೂ ತಿನ್ನಬೇಕು ಎಂದರು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂರಿಸಿ ಇಡ್ಲಿ ತಂದು ಎದುರಿಗಿಟ್ಟೆ. ಅವಳು ನೀರು ಕುಡಿದು ಮಾತ್ರೆ ನುಂಗಿದಳು, ಇಡ್ಲಿ ಮುಟ್ಟಲಿಲ್ಲ. ನಾಳೆ ಬೆಳಿಗ್ಗೆ ತಿನ್ನುತ್ತೇನೆ ಎಂದಳು. ಅವಳ ಉಪವಾಸಕ್ಕೂ ನನ್ನ ತಲೆಗೂ ಸಂಬಂಧವಿಲ್ಲ, ನಾನು ಉಪವಾಸ ಬಿಟ್ಟದ್ದರಿಂದಲೇ ನನಗೆ ಗುಣವಾದದ್ದು ಎಂದು ವಿವರಿಸಿದೆ. ತಲೆಯಾಡಿಸಿದಳು, ತಿನ್ನಲಿಲ್ಲ. ಬೈದೆ, ಆಗಲೂ ತಿನ್ನಲಿಲ್ಲ. ತಾನು ತಿಂದ ಮೇಲೆ ಅಮ್ಮನಿಗೆ ಏನಾದರೂ ಆದರೆ ಎಂಬ ಭಯ ಅವಳ ಮುಖದಲ್ಲಿತ್ತು, ಅದನ್ನು ನನ್ನ ಯಾವ ಮಾತೂ ಅಳಿಸಲಿಲ್ಲ. ಬೋರ್ಡ್ ಪರೀಕ್ಷೆಗೆ ಮೂರು ವಾರವಿತ್ತು. ಮಗಳು ಬಿಳಿಚಿಕೊಂಡು ಎದುರಿಗೆ ಕೂತಿದ್ದಳು, ತಟ್ಟೆಯಲ್ಲಿ ಇಡ್ಲಿ ತಣ್ಣಗಾಗುತ್ತಿತ್ತು.

ರಿಕ್ಷಾದಲ್ಲಿ ಉಡುಪಿಗೆ ಬರುವಾಗ ಕಣ್ಣು ಮುಚ್ಚಿಕೊಂಡೇ, "ಅಜ್ಜಿಗೆ ಬೈಬೇಡ," ಎಂದಳು. ನಾನು ಆಗಲೇ ಬೈಗುಳವನ್ನು ವಾಕ್ಯ ವಾಕ್ಯವಾಗಿ ಜೋಡಿಸಿಟ್ಟುಕೊಂಡಿದ್ದೆ. ಒಳ್ಳೆಯ ವಾಕ್ಯಗಳಿದ್ದವು.

ಮನೆಗೆ ಬಂದಾಗ ಅತ್ತೆ ಹಣೆಗೆ ಬಟ್ಟೆ ಕಟ್ಟಿಕೊಂಡು ಚಾವಡಿಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. ಮಗಳು ಒಳಗೆ ಹೋಗಿ ಮಲಗಿದಳು. ನಾನು ಅತ್ತೆಯ ಎದುರು ನೆಲದ ಮೇಲೆ ಕೂತೆ. ಹಾಗೆ ಅವರ ಎದುರು ಕೂತು ಎಷ್ಟು ಕಾಲವಾಗಿತ್ತೋ ನೆನಪಿಲ್ಲ. ಮಗಳಿಗೆ ಆದದ್ದನ್ನು ಹೇಳಿದೆ. ಪುಸ್ತಕದಲ್ಲಿ ಬರೆದದ್ದು, ಡಾಕ್ಟರು ಸುತ್ತು ಹಾಕಿದ್ದು, ಹಸಿದರೆ ನಮ್ಮಂಥ ತಲೆಗೆ ಏನಾಗುತ್ತದೆ ಎಂಬುದು, ಎಲ್ಲವನ್ನೂ ಹೇಳಿದೆ. ಅವರು ಬತ್ತಿ ಹೊಸೆಯುತ್ತಲೇ ಕೇಳಿದರು.

"ಉಪವಾಸಕ್ಕೆ ನಿನಗೆ ತಲೆನೋವು ಬರುದಾ?" ಎಂದರು.

"ಹೌದು ಅತ್ತೆ."

"ಇದು ನಿನಗೆ ಗೊತ್ತಾದದ್ದು ಯಾವಾಗ?"

"ಎರಡು ವರ್ಷ ಆಯ್ತು."

ಅವರ ಕೈ ನಿಂತಿತು. "ಎರಡು ವರ್ಷ ನಾವಿಬ್ಬರೂ ಒಂದೇ ಅಡುಗೆಮನೆಯಲ್ಲಿ ಇದ್ದದ್ದಲ್ವಾ. ನನಗೊಂದು ಮಾತು ಹೇಳ್ಬಹುದಿತ್ತು. ಗೊತ್ತಿದ್ದೂ ನಾನು ಆ ಮಗುವನ್ನು ಹಸಿವೆಯಲ್ಲಿ ಕೂರಿಸ್ತಿದ್ದೆನಾ?"

ಅವರ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಜೋಡಿಸಿಟ್ಟುಕೊಂಡ ನನ್ನ ವಾಕ್ಯಗಳು ಉಪಯೋಗಕ್ಕೆ ಬರುತ್ತಿದ್ದವು.

ಬತ್ತಿಯ ತಟ್ಟೆಯನ್ನು ಬದಿಗಿಟ್ಟು, ಗೋಡೆ ಹಿಡಿದುಕೊಂಡು ಎದ್ದರು. ಬೆಳಿಗ್ಗೆಯಿಂದ ಒಂದು ಹನಿ ನೀರು ಮುಟ್ಟದ ಎಪ್ಪತ್ತಾರು ವರ್ಷದ ಹೆಂಗಸು. ನಾನು ಮಾಡುತ್ತೇನೆ ಎಂದು ಎದ್ದೆ. "ನೀನು ಕೂತ್ಕೋ. ನೀನು ಕೊಟ್ಟದ್ದನ್ನು ಅವಳು ತಿನ್ನುದಿಲ್ಲ," ಎಂದರು. ಏಕಾದಶಿಯ ದಿನ ಅಕ್ಕಿ ತೊಳೆದು ಒಲೆಯ ಮೇಲಿಟ್ಟರು. ಗಂಜಿಯನ್ನು ಬಟ್ಟಲಿಗೆ ಬಗ್ಗಿಸಿ, ಉಪ್ಪು ಹಾಕಿ, ತಾವೇ ಒಳಗೆ ತೆಗೆದುಕೊಂಡು ಹೋಗಿ ಮೊಮ್ಮಗಳ ಪಕ್ಕದಲ್ಲಿ ಕೂತರು.

"ಉಣ್ಣು ಮಗಾ. ದೇವರ ಹತ್ತಿರ ಹೇಳಿದ್ದು ನಾನು, ನಾನೇ ಸರಿ ಮಾಡ್ತೇನೆ. ನಿನ್ನಮ್ಮನಿಗೆ ಎಂತ ಆಗುದಿಲ್ಲ."

ಮಗಳು ಎದ್ದು ಕೂತು ಬಟ್ಟಲು ತೆಗೆದುಕೊಂಡಳು. ಮಣಿಪಾಲದ ಡಾಕ್ಟರಿಂದ, ನನ್ನಿಂದ ಆಗದೆ ಇದ್ದದ್ದು ಅಷ್ಟರಲ್ಲಿ ಆಯಿತು. ನಾನು ಬಾಗಿಲಿನಲ್ಲಿ ನಿಂತು ನೋಡಿದೆ. ಅತ್ತೆಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಅರ್ಥವಾಗುವಷ್ಟು ಯೋಗ್ಯತೆ ಅವರಿಗಿಲ್ಲ ಎಂದು ನಾನೇ ತೀರ್ಮಾನಿಸಿದ್ದೆ. ಆ ತೀರ್ಮಾನದ ನೋವನ್ನು ನನ್ನ ಮಗಳು ಒಂದೂವರೆ ವರ್ಷ ಅನುಭವಿಸಿದಳು.